ರೊಟ್ಟಿ ಬಡಿಯುವ ಕೈ

ನನ್ನ ಅತ್ತಿಗೆಯ ಬಲಗೈ ಹೆಬ್ಬೆರಳು ಮಡಚಿದರೆ ಮಡಚಿಯೇ ಉಳಿಯುತ್ತಿತ್ತು. ಎಡಗೈಯಿಂದ ಹಿಡಿದು ಬಿಡಿಸಿದಾಗ ‘ಟಕ್’ ಎನ್ನುವ ಸಪ್ಪಳ ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು.

ಕೂಡ್ಲಿಗಿ ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಹೊಲಿದು ಬಂದ ಅಂಗಿಗಳ ಉಳಿಕೆ ದಾರವನ್ನು ಸಣ್ಣ ಕತ್ತರಿಯಿಂದ ಕತ್ತರಿಸುವುದು ನಮ್ಮ ಕೆಲಸ. ಸಂಜೆಯವರೆಗೂ ನಿಂತೇ ಇರಬೇಕು. ಕೊಟ್ಟೂರಿಗೆ ಮರಳುವಾಗ ಬಸ್ಸಿನಲ್ಲಿ ಅವಳು ಸೂಪರ್‌ವೈಸರನ ದನಿ ತೆಗೆದು ಎಲ್ಲರನ್ನೂ ನಗಿಸುತ್ತಿದ್ದಳು. ಬೆರಳು ಹಿಡಿದುಕೊಂಡಾಗಲೂ ನಕ್ಕಳು. ಬಿಸಿ ಉಪ್ಪಿನ ಶಾಖ ಕೊಟ್ಟುಕೊಂಡು ವರ್ಷ ದೂಡಿದಳು. ಬೇರೆ ಕೆಲಸ ಕೊಡಿ ಎಂದು ಕೇಳಿದರೆ ಇಲ್ಲವೆಂದರು. ಕೊನೆಗೆ ಕೈ ನಿಧಾನವಾಯಿತೆಂದು ಬಿಡಿಸಿಯೇಬಿಟ್ಟರು.

ಆಗ ಅವಳು ಪರಿಹಾರ ಕೇಳಿ ಕೋರ್ಟಿಗೆ ಹೋದಳು. ನಮ್ಮಲ್ಲಿ ಹಾಗೆ ಹೋದವಳು ಅವಳೊಬ್ಬಳೇ. ವಿಚಾರಣೆಯ ದಿನ ಕಂಪನಿಯ ವಕೀಲರು ಮೆಲ್ಲಗೆ ಕೇಳಿದರು: “ಮನೆಯಲ್ಲಿ ರೊಟ್ಟಿ ಬಡಿಯೋರು ಯಾರಮ್ಮ?”

“ನಾನ ರೀ.”

“ಬಟ್ಟೆ ಒಗೆಯೋರು?”

“ಅದೂ ನಾನ ರೀ,” ಎಂದಳು, ಕೊಂಚ ಹೆಮ್ಮೆಯಿಂದಲೇ. ಕೋರ್ಟಿನವರು ಅಷ್ಟನ್ನೇ ಬರೆದುಕೊಂಡರು.

ಹೊರಗೆ ಬಂದ ಮೇಲೆ ನಮ್ಮ ವಕೀಲರು, “ಹಂಗ್ಯಾಕ ಹೇಳಿದ್ರಿ?” ಎಂದು ಗೊಣಗಿದರು.

“ಸುಳ್ಳು ಹೇಳ್ಲೇನ್ರೀ? ರೊಟ್ಟಿ ಬಡಿಯಾಗ ಕೈ ನೊಂದ್ರ ಒಂದೀಟು ಕುಂದರ್ತೀನಿ. ಅಲ್ಲಿ ಕುಂದರಾಕ ಬಿಡ್ತಿದ್ದಿಲ್ಲ.”

“ಇದನ್ನ ಒಳಗ ಹೇಳಬೇಕಿತ್ತವ್ವಾ.”

“ಯಾರೂ ಕೇಳ್ಲಿಲ್ಲಲ್ರೀ!”

ನೋವು ಮನೆಗೆಲಸದಿಂದಲ್ಲ, ಕಾರ್ಖಾನೆಯ ಕೆಲಸದಿಂದಲೇ ಬಂತೆನ್ನಲು ಆಧಾರವಿಲ್ಲವೆಂದು ಅರ್ಜಿ ವಜಾ ಆಯಿತು. ಮೇಲಿನ ಕೋರ್ಟಿಗೆ ಹೋಗುವ ಚೈತನ್ಯ ಅವಳಲ್ಲಿ ಉಳಿದಿರಲಿಲ್ಲ. ಮನೆಯಲ್ಲಿ ಅಣ್ಣ ರೊಟ್ಟಿ ಬಡಿಯಲು ಕಲಿತ. ಅಂಚು ದಪ್ಪವಾದರೂ ಅವಳು ಏನೂ ಅನ್ನುತ್ತಿರಲಿಲ್ಲ. ನಗಿಸುವುದನ್ನು ಮಾತ್ರ ಬಿಟ್ಟಿದ್ದಳು.

ಮುಂದಿನ ವರ್ಷ ನನ್ನ ಮಣಿಕಟ್ಟು ಜೋಮು ಹಿಡಿಯತೊಡಗಿತು. ಅವಳಿಗೆ ಹೇಳಿದ ದಿನವೇ ನನ್ನನ್ನು ದವಾಖಾನೆಗೆ ಎಳೆದುಕೊಂಡು ಹೋದಳು. “ಏನು ಕೆಲಸ, ಎಷ್ಟೊತ್ತು ನಿಂದರ್ತಾಳ, ಎಲ್ಲಾ ಬರಕೊಳ್ರಿ ಡಾಕ್ಟ್ರೇ,” ಎಂದು ಎದುರಿಗೆ ನಿಂತು ಬರೆಸಿದಳು. ಅವಳ ಕೇಸಿನಿಂದ ಕಾರ್ಖಾನೆಯವರೂ ಒಳಗೊಳಗೆ ಅಂಜಿದ್ದರು. ಚೀಟಿ ನೋಡಿದ್ದೇ ನನ್ನನ್ನು ಅಂಗಿ ಮಡಚುವ ಟೇಬಲ್ಲಿಗೆ ಹಾಕಿದರು, ಕೂರಲು ಸ್ಟೂಲನ್ನೂ ಕೊಟ್ಟರು.

ಸಂಜೆ ಓಡಿಹೋಗಿ ತಿಳಿಸಿದೆ. ಅವಳ ಮುಖ ಅರಳಿತು. “ಚಲೋ ಆತು ಬಿಡು,” ಎಂದು ಬೆನ್ನು ಸವರಿದಳು. ಆಮೇಲೆ ತನ್ನ ಹೆಬ್ಬೆರಳನ್ನು ಎಡಗೈಯಿಂದ ಬಿಡಿಸಿಕೊಳ್ಳುತ್ತ ಕೇಳಿದಳು:

“ಅಂದ್ರ, ನನ್ನೂ ಬ್ಯಾರೆ ಟೇಬಲ್ಲಿಗೆ ಹಾಕಾಕ ಬರ್ತಿತ್ತೇನು ಅವರಿಗೆ?”