ಭಾವ ಅದನ್ನು ದೋಣಿ ಎಂದ ದಿನ

ವಯನಾಡು ಬೇರೆ ಜಿಲ್ಲೆಯಾಗಿ ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ಕಲ್ಪೆಟ್ಟದಲ್ಲಿ ಹೊಸ ಕಚೇರಿ, ಹೊಸ ಬೋರ್ಡು, ಹೊಸ ಜೀಪುಗಳ ಸಡಗರ. ನಮ್ಮ ಕೊಳವಳ್ಳಿಗೆ ಮಾತ್ರ ಹೊಸದಾಗಿ ಏನೂ ಬಂದಿರಲಿಲ್ಲ. ಕಬಿನಿಯ ಈಚೆ ದಡದಲ್ಲಿ ನಾವು, ಆಚೆ ದಡದಲ್ಲಿ ಕರ್ನಾಟಕ, ನಡುವೆ ನನ್ನ ಹೆಂಡತಿಯ ಅಣ್ಣ ಮಾದೇವನ ಮರದ ದೋಣಿ. ನಾನು ಹೇಳಹೊರಟಿರುವುದು ಆ ಭಾವನ ಮತ್ತು ನನ್ನ ಒಂದು ದೋಣಿಯ ವಿಷಯ. ಇಷ್ಟು ಕಾಲವಾದರೂ ನೆನೆದರೆ ಬಾಯಿ ಕಹಿಯಾಗುತ್ತದೆ.

ಪುಲ್ಪಳ್ಳಿಯಲ್ಲಿ ನನ್ನದೊಂದು ಸೈಕಲ್ಲು, ಪಂಪ್‌ಸೆಟ್ಟು ರಿಪೇರಿ ಅಂಗಡಿಯಿತ್ತು. ಅದಕ್ಕೂ ಮೊದಲು, ಮದುವೆಗೆ ಮುಂಚೆ, ಕೊಚ್ಚಿಯಲ್ಲಿ ಫೈಬರ್ ದೋಣಿ ಮಾಡುವ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿಂದ ಊರಿಗೆ ಬಂದೆನಾದರೂ ಆ ಹುಚ್ಚು ನನ್ನ ಜೊತೆಗೇ ಬಸ್ಸು ಹತ್ತಿ ಬಂತು. ಎಲ್ಲಾದರೂ ಹಳೆಯ ಫೈಬರ್ ದೋಣಿ ಬಿದ್ದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಅಂಗಡಿಗೆ ಬೀಗ ಹಾಕಿ ಹೊರಡುತ್ತಿದ್ದೆ. ಒಬ್ಬರ ಮನೆಯಲ್ಲಿ ಕೋಳಿಗೂಡಾಗಿದ್ದ ಅರ್ಧ ದೋಣಿ, ಇನ್ನೊಬ್ಬರ ಹಟ್ಟಿಯಲ್ಲಿ ಎಮ್ಮೆಗೆ ಕಲಗಚ್ಚು ಹಾಕುತ್ತಿದ್ದ ಪುಟ್ಟ ದೋಣಿ, ಹೀಗೆ ಒಂದೊಂದಾಗಿ ನನ್ನ ಹಿತ್ತಲಿನ ಚಪ್ಪರ ಸೇರಿದವು. ಮಲಯಾಳಿ ನೆರೆಯವರು ನನಗೆ 'ವಳ್ಳಂ ನಂಜಪ್ಪನ್' ಎಂದು ಹೆಸರಿಟ್ಟರು. ವಳ್ಳಂ ಎಂದರೆ ಅವರ ಮಾತಿನಲ್ಲಿ ದೋಣಿ. ಬಸ್ಸಿನ ಕಂಡಕ್ಟರನೂ ಹಾಗೆಯೇ ಕರೆಯುತ್ತಿದ್ದ.

ಇವುಗಳ ಪೈಕಿ ನನ್ನ ಜೀವ ಅಂಟಿಕೊಂಡಿದ್ದು ಒಂದಕ್ಕೆ. ಕೇಣಿಚಿರದ ಹತ್ತಿರದ ಒಂದು ತೋಟದಲ್ಲಿ ಅದು ಸಿಕ್ಕಿತು. ಹಿಂದೆ ಯಾವನೋ ಮ್ಯಾನೇಜರು ಕೆರೆಯಲ್ಲಿ ವಿಹಾರ ಮಾಡಲು ತರಿಸಿದ್ದನಂತೆ. ಅವನು ಹೋದ ಮೇಲೆ ತೋಟದವರು ಅದರಲ್ಲಿ ಮೆಣಸಿನ ಬಳ್ಳಿಗೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣ ಕಲಸುತ್ತಿದ್ದರು. ಒಳಗೆಲ್ಲ ನೀಲಿ ಹೆಪ್ಪುಗಟ್ಟಿತ್ತು. ಉಗುರಿನಿಂದ ಒಂದು ಮೂಲೆ ಕೆರೆದು ನೋಡಿದೆ. ಕೆಳಗೆ ಹಾಲಿನ ಕೆನೆಯ ಬಣ್ಣ, ಅಂಚಿಗೊಂದು ಕೆಂಪು ಗೆರೆ. ಅಷ್ಟು ಚಂದದ ಮೈಕಟ್ಟಿನ ದೋಣಿಯನ್ನು ನಾನು ಕೊಚ್ಚಿಯಲ್ಲೂ ನೋಡಿರಲಿಲ್ಲ.

ನಮ್ಮ ಕಡೆ ಈ ಕೆಲಸ ಬೇಸಿಗೆಯಲ್ಲಿ ಮಾತ್ರ ಸಾಧ್ಯ. ಮಳೆಗಾಲದ ತಂಪಿಗೆ ಫೈಬರಿಗೆ ಬಳಿಯುವ ರೆಸಿನ್ ಗಟ್ಟಿಯಾಗುವುದೇ ಇಲ್ಲ, ಹಲಸಿನ ಮೇಣದಂತೆ ಅಂಟಂಟು ಕೂತಿರುತ್ತದೆ. ಹಾಗಾಗಿ ಒಂದು ಬೇಸಿಗೆ ನೀಲಿ ತೆಗೆಯಲು ಹೋಯಿತು. ಮುಂದಿನ ಬೇಸಿಗೆಯಲ್ಲಿ ಹಿಂಬದಿಯ ಕೊಳೆತ ಹಲಗೆ ಕಿತ್ತು, ಹೊಸ ಪ್ಲೈವುಡ್ ಕೂರಿಸಿ, ಮೇಲೆ ಫೈಬರ್ ಚಾಪೆ ಹೊದಿಸಿ ರೆಸಿನ್ ಬಳಿದೆ. ಅದರ ಮುಂದಿನ ಬೇಸಿಗೆ ಪೂರ್ತಿ ಉಪ್ಪುಕಾಗದ ಹಿಡಿದು ತಿಕ್ಕಿದ್ದೇ ಕೆಲಸ. ಆ ಪುಡಿ ಮೈಗೆ ಬಿದ್ದರೆ ಕೆರೆತ ಕೇಳಬೇಡಿ. ಹೆಂಡತಿ ರತ್ನ ನನ್ನ ಬಟ್ಟೆಯನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಹೋಗಿ ಬೇರೆಯೇ ನೆನೆಸುತ್ತಿದ್ದಳು. "ಈ ವಾಸ್ನೇಲಿ ಅನ್ನ ಸೇರಲ್ಲ. ನೀವು ನನ್ನ ಕಟ್ಕೊಂಡ್ರೋ ದೋಣೀನ ಕಟ್ಕೊಂಡ್ರೋ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು. ಆದರೂ ರಾತ್ರಿ ನನ್ನ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದವಳು ಅವಳೇ.

ಇನ್ನು ಮಾದೇವ ಭಾವ. ರತ್ನ ನನ್ನ ಸೋದರಮಾವನ ಮಗಳೇ ಆದ್ದರಿಂದ ಈ ಭಾವ ನನಗೆ ಚಿಕ್ಕಂದಿನಿಂದಲೂ ಗೊತ್ತು. ನನಗೆ ಈಜು ಕಲಿಸಿದವನು, ಹುಟ್ಟು ಹಿಡಿಯಲು ಕಲಿಸಿದವನು, ತಪ್ಪು ಮಾಡಿದಾಗ ಅದೇ ಹುಟ್ಟಿನಿಂದ ಬಾರಿಸಿದವನು. ಅವನ ಮನೆ ಆಚೆ ದಡದಲ್ಲಿ. ತಾತನ ಕಾಲದಿಂದ ಕಡವಿನಲ್ಲಿ ದೋಣಿ ಹಾಕುವ ಮನೆತನ. ಇಡೀ ಹೊಳೆಯಲ್ಲಿ ಅವನು ಒಪ್ಪಿದ್ದು ದೋಣಿ, ಒಪ್ಪದ್ದು ಸೌದೆ. ಈಚೆ ದಡಕ್ಕೆ ಬಂದಾಗಲೆಲ್ಲ ಹಿತ್ತಲಿಗೆ ಬಂದು, ಬೀಡಿ ಹಚ್ಚಿ, ನಾನು ತಿಕ್ಕುವುದನ್ನು ನೋಡುತ್ತಾ ನಿಲ್ಲುತ್ತಿದ್ದ.

"ಏನ್ಲಾ ನಂಜಪ್ಪ, ನಿನ್ ಬಕೀಟು ಎಲ್ಲಿಗಂಟ ಬಂತು?"

"ಬಕೀಟಲ್ಲ ಭಾವ, ದೋಣಿ."

"ನನ್ ದೋಣಿ ಬ್ಯಾಸ್ಗೇಲಿ ನೀರೊಳ್ಗೆ ಮನಿಕತದೆ. ನಿಂದು ಚಪ್ಪರದಡೀಲಿ ಮನಿಕತದೆ. ಚಪ್ಪರದಡೀಲಿ ಮನಿಕಳಾದು ದೋಣಿಯಾ, ಹಸುವಾ?"

ರತ್ನ ಅಡುಗೆಮನೆಯಲ್ಲಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಒಳಗೊಳಗೆ ಉರಿಯುತ್ತಿತ್ತು. ಊರಿನವರೆಲ್ಲ ಹುಚ್ಚ ಎಂದರೂ ನನಗೆ ಲೆಕ್ಕಕ್ಕಿರಲಿಲ್ಲ. ಈ ಒಬ್ಬ ಮನುಷ್ಯ ಒಂದು ಸಲ ಅದನ್ನು ದೋಣಿ ಎನ್ನಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಬೇಸಿಗೆ ಬೇಸಿಗೆ ನಾನು ತಿಕ್ಕಿದ್ದು ಆ ಒಂದು ಮಾತಿಗಾಗಿ ಎಂದರೂ ಸುಳ್ಳಲ್ಲ.

ಸಂಕ್ರಾಂತಿಯ ಬೆಳಿಗ್ಗೆ ದೋಣಿಯನ್ನು ಹೊಳೆಗಿಳಿಸಿದೆವು. ಭಾವ ಅರಿಶಿನ ಕುಂಕುಮ ತಂದಿದ್ದ. ತೆಂಗಿನಕಾಯಿಯನ್ನು ದೋಣಿಯ ಮೂತಿಗೇ ಒಡೆಯಲು ಹೊರಟಾಗ ನಾನು ಅವನ ಕೈ ಹಿಡಿದು, "ಕಲ್ಲಿಗೆ ಒಡಿ ಭಾವ, ಇದು ಮರವಲ್ಲ, ಬಿರುಕು ಬಿಡ್ತದೆ" ಎಂದೆ. "ಕಾಯೇಟು ತಡೀದ್ದು ಬಂಡೆಯೇಟು ತಡೆದದಾ?" ಎಂದು ಗೊಣಗಿದನಾದರೂ ಕಲ್ಲಿಗೇ ಒಡೆದ. ಆಮೇಲೆ ಹುಟ್ಟು ತೆಗೆದುಕೊಂಡು ಒಬ್ಬನೇ ಹತ್ತಿ ಕೂತ.

ನಡುಹೊಳೆಯವರೆಗೆ ಹೋದ. ಸುಳಿಯಿರುವ ಕಡೆ ಬೇಕೆಂದೇ ಅಡ್ಡ ಹಾಕಿದ. ಒಂದು ಪಕ್ಕಕ್ಕೆ ಭಾರ ಹಾಕಿ ವಾಲಿಸಿದ. ದೋಣಿ ವಾಲಿ, ಮತ್ತೆ ನೆಟ್ಟಗಾಯಿತು. ದಡದಲ್ಲಿ ನಾನು ಉಸಿರು ಹಿಡಿದು ನಿಂತಿದ್ದೆ. ವಾಪಸು ಬಂದವನು ಇಳಿಯದೆ ಅಂಚನ್ನು ಅಂಗೈಯಿಂದ ಸವರಿದ. ಬೀಡಿ ಕೂಡ ಹಚ್ಚಲಿಲ್ಲ.

"ಇದು ದೋಣಿ ಕಣ್ಲಾ," ಎಂದ.

ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ಮಗಳು ಹುಟ್ಟಿದ ದಿನ ಬಿಟ್ಟರೆ ಅಷ್ಟು ಸಂತೋಷ ನಾನು ಕಂಡಿಲ್ಲ. ಅವತ್ತಿನಿಂದ ಭಾವ ನನ್ನ ದೋಣಿಯನ್ನು ತನ್ನ ದೋಣಿಯ ಪಕ್ಕದಲ್ಲೇ, ಕಡವಿನ ಅದೇ ಮತ್ತಿಮರದ ಬೇರಿಗೆ ಕಟ್ಟತೊಡಗಿದ. ಆ ಬೇರಿಗೆ ಬೇರೆಯವರ ಹಗ್ಗ ಬಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಶಿವರಾತ್ರಿ ಕಳೆಯುತ್ತಿದ್ದಂತೆ ರತ್ನಳ ಹೊಟ್ಟೆನೋವು ಜಾಸ್ತಿಯಾಗಿ ಗರ್ಭಕೋಶದ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದರು. ಕೋಯಿಕ್ಕೋಡಿಗೆ ಹೊರಟೆವು. ಅಲ್ಲಿ ನನ್ನ ತಂಗಿಯ ಮನೆಯಿತ್ತು. ಹೊರಡುವಾಗ ಭಾವನಿಗೆ ಹೇಳಿದೆ, "ಬಿಸಿಲಿಗೆ ಬಿಡಬೇಡ ಭಾವ. ನಿನ್ನ ದೋಣಿ ಹಾಗೇ ನೋಡ್ಕೊ."

"ಅದ ನೀ ಯೋಳ್ಬೇಕಾ? ಮೊದ್ಲು ನನ್ ತಂಗೀನ ನೋಡ್ಕಂಡು ಬಾ, ವೋಗು," ಎಂದ.

ಆಪರೇಷನ್ ಆದ ಮೇಲೆ ಗಾಯ ಕೀವಾಗಿ ರತ್ನ ತುಂಬ ಒದ್ದಾಡಿದಳು. ನಾವು ಊರಿಗೆ ಮರಳುವಾಗ ಬೇಸಿಗೆ ಮುಗಿಯುತ್ತಾ ಬಂದಿತ್ತು, ಮುಂಗಾರಿನ ಮೋಡ ಕಟ್ಟಿತ್ತು. ಅವಳನ್ನು ಮನೆಯಲ್ಲಿ ಮಲಗಿಸಿ ನೆಟ್ಟಗೆ ಕಡವಿಗೆ ಓಡಿದೆ. ಹೊಳೆ ಬತ್ತಿ ಬಂಡೆಗಳೆಲ್ಲ ಎದ್ದು ಕೂತಿದ್ದವು. ಮತ್ತಿಮರದ ಬೇರಿನಲ್ಲಿ ಎರಡು ಹಗ್ಗವಿತ್ತು, ದೋಣಿ ಒಂದೂ ಇರಲಿಲ್ಲ. ಎರಡೂ ಹಗ್ಗ ಮಡುವಿನೊಳಕ್ಕೆ ಇಳಿದಿದ್ದವು.

ಮರದ ದೋಣಿ ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಕಡವು ನಿಂತಾಗ ಮರದ ದೋಣಿಯನ್ನು ದಡದಲ್ಲಿಟ್ಟರೆ ಬಿಸಿಲಿಗೆ ಸೀಳುತ್ತದೆ. ಅದಕ್ಕೇ ಕಲ್ಲು ತುಂಬಿ ಮಡುವಿನಲ್ಲಿ ಮುಳುಗಿಸಿಡುತ್ತಾರೆ. ಮಳೆ ಹಿಡಿದಾಗ ಎತ್ತುತ್ತಾರೆ. ಮರ ನೀರು ಕುಡಿದು ಗಟ್ಟಿಯಾಗಿರುತ್ತದೆ. ಭಾವನ ತಾತ ಮಾಡಿದ್ದು ಅದನ್ನೇ, ಅಪ್ಪ ಮಾಡಿದ್ದೂ ಅದನ್ನೇ. ಭಾವ ನನ್ನ ದೋಣಿಗೂ ಅದನ್ನೇ ಮಾಡಿದ್ದ.

ನನ್ನನ್ನು ನೋಡಿ ಆಚೆ ದಡದಿಂದ ನೀರಿಗಿಳಿದು ಬಂದ. ಮುಖ ಅರಳಿತ್ತು. ಮೊದಲು ತಂಗಿಯ ಆರೋಗ್ಯ ಕೇಳಿದ. ಆಮೇಲೆ ಹೇಳಿದ, "ನಿನ್ ದೋಣಿ ಬಲೇ ಮೊಂಡು ಕಣ್ಲಾ. ಏಸು ಕಲ್ ಹಾಕುದ್ರೂ ಮುಳುಗಾಕಿಲ್ಲ ಅಂತದೆ. ಆಮ್ಯಾಕೆ ನೋಡ್ತೀನಿ, ಕೂರೋ ಜಾಗದ ಕೆಳಗೆ ಪೆಟ್ಗೆ ತರ ಮುಚ್ಚಿದ್ದೀಯ. ಬೈರಿಗೆ ತಕಂಡು ತೂತ ಹಾಕ್ದೆ. ಆಗ ಸುಮ್ಕೆ ವೋಯ್ತು ಒಳೀಕೆ."

ಆ ಪೆಟ್ಟಿಗೆಗಳನ್ನು ನಾನು ಗಾಳಿ ಕೂಡ ಆಡದಂತೆ ಮುಚ್ಚಿದ್ದೆ. ಮಗುಚಿದರೂ ದೋಣಿ ಮುಳುಗಬಾರದು ಎಂದು ಇದ್ದದ್ದೇ ಅವು.

ನಾಲ್ಕು ಜನ ಸೇರಿ ಕಲ್ಲು ತೆಗೆದು ಎತ್ತಿದೆವು. ಕಲ್ಲುಗಳು ಉಜ್ಜಿ ತಳದ ಬಣ್ಣ ಹೋಗಿ ಒಳಗಿನ ಚಾಪೆಯ ನಾರು ಕಾಣುತ್ತಿತ್ತು. ಮೈತುಂಬ ಸಿಡುಬು ಎದ್ದಂತೆ ಗುಳ್ಳೆಗಳು. ತೂತಿನಿಂದ ನುಗ್ಗಿದ ನೀರು ಹಿಂಬದಿಯ ಹಲಗೆಗೂ ಇಳಿದು, ಅದು ನೆನೆದ ಹಪ್ಪಳದಂತೆ ಉಬ್ಬಿ ಪದರ ಪದರವಾಗಿ ಬಿಚ್ಚಿಕೊಂಡಿತ್ತು. ದಡಕ್ಕೆಳೆಯುವಾಗ ಒಳಗೆ ಉಳಿದಿದ್ದ ನೀರಿನ ಭಾರಕ್ಕೆ ನಡುವಿನಲ್ಲಿ ಲಟಕ್ಕೆಂದು ಸದ್ದಾಯಿತು. ಅಂಚಿನಿಂದ ಅಂಚಿಗೆ ಬಿರುಕು.

"ಬಿಸ್ಲಿಗೆ ಬುಡ್ಬ್ಯಾಡ ಅಂದಿದ್ದಲ್ಲ, ಒಂದಿನ ಬಿಸ್ಲು ತಾಗ್ಸಿಲ್ಲ," ಎಂದ ಭಾವ. ಅವನಿಗಿನ್ನೂ ಅರ್ಥವಾಗಿರಲಿಲ್ಲ.

"ಸತ್ತು ಹೋಯ್ತು ಭಾವ," ಎಂದೆ. "ಇದು ಮರವಲ್ಲ ಅಂತ ಅವತ್ತೇ ಹೇಳಿದ್ದೆ. ಮರ ನೀರು ಕುಡಿದ್ರೆ ಬದುಕ್ತದೆ, ಇದು ನೀರು ಕುಡಿದ್ರೆ ಸಾಯ್ತದೆ. ಮೂರು ಬೇಸಿಗೆ ಕೆಲಸ ಹೊಳೇಲಿ ಹುಣಸೇಹಣ್ಣು ತೊಳೆದಂಗೆ ಮಾಡಿಬಿಟ್ಟೆ."

ಭಾವನ ಮುಖದ ನಗು ನಿಧಾನವಾಗಿ ಇಳಿಯಿತು. ಬಿರುಕನ್ನು ನೋಡಿದ, ನನ್ನನ್ನು ನೋಡಿದ, ಎತ್ತಲು ಬಂದಿದ್ದ ಜನರನ್ನು ನೋಡಿದ. ಅವರ ಮುಂದೆ ನಾನು ಅವನಿಗೆ ದೋಣಿಯ ವಿಷಯ ಹೇಳಿಕೊಟ್ಟಿದ್ದೆ. ಆ ಕಡವಿನಲ್ಲಿ ಹಾಗೆ ಯಾರೂ ಮಾಡಿರಲಿಲ್ಲ.

"ನೀರಲ್ಲಿಟ್ರೆ ಕೆಟ್ಟೋಗಾದು ದೋಣಿಯೇನ್ಲಾ?" ಎಂದ. "ನನ್ ದೋಣಿ ತರಾನೇ ನೋಡ್ಕೊ ಅಂದೆ, ನೋಡ್ಕಂಡೆ. ಇದು ದೋಣಿ ಅಂದ್ನಲ್ಲ, ಅದು ನನ್ ತಪ್ಪು. ಬಕೀಟೇ ಇದು."

ಪಂಚೆ ಎತ್ತಿ ಕಟ್ಟಿಕೊಂಡು ನೀರಿಗಿಳಿದು ಹೋದ. ಆಮೇಲೆ ಅವನು ನಮ್ಮ ಹಿತ್ತಲಿಗೆ ಬರಲಿಲ್ಲ. ತಂಗಿಯನ್ನು ನೋಡಲು ಬಂದರೂ ನಾನು ಅಂಗಡಿಗೆ ಹೋದ ಹೊತ್ತು ನೋಡಿ ಬರುತ್ತಿದ್ದ.

ರತ್ನ ಅಣ್ಣನನ್ನೂ ಬಿಟ್ಟುಕೊಡಲಿಲ್ಲ, ನನ್ನನ್ನೂ ಬಿಟ್ಟುಕೊಡಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, "ಅವ್ನಿಗೆ ಗೊತ್ತಿರ್ಲಿಲ್ಲ, ನಿಮ್ಗೆ ತಡ್ಕೊಳಕ್ಕೆ ಆಗ್ಲಿಲ್ಲ," ಎಂದಳು. ನಾನು ಹೇಳಿದ ಮಾತಿನಲ್ಲಿ ಸುಳ್ಳೇನಿತ್ತು ಎಂದು ನಾನು ಕೇಳಿದೆ. ಇವತ್ತಿಗೂ ನಾನು ಅದನ್ನೇ ಕೇಳುತ್ತೇನೆ.

ಮತ್ತೆ ರಿಪೇರಿ ಮಾಡು ಎಂದು ಕೆಲವರು ಹೇಳಿದರು. ಮಾಡಬಹುದಿತ್ತೋ ಏನೋ. ಉಪ್ಪುಕಾಗದ ಕೈಗೆತ್ತಿಕೊಂಡರೆ ಆ ಲಟಕ್ಕೆಂಬ ಸದ್ದೇ ಕೇಳುತ್ತಿತ್ತು. ಕಡೆಗೆ ಪಕ್ಕದ ಮೆಣಸಿನ ತೋಟದವರು ಕೇಳಿದಾಗ ಕೊಟ್ಟುಬಿಟ್ಟೆ. ಬಿರುಕಿಗೆ ಸಿಮೆಂಟು ಮೆತ್ತಿ ಅವರು ಅದರಲ್ಲಿ ಮೈಲುತುತ್ತ ಕಲಸಿದರು. ಕೆನೆಯ ಬಣ್ಣದ ಮೇಲೆ ಮತ್ತೆ ನೀಲಿ ಕೂತಿತು. ಮಿಕ್ಕ ದೋಣಿಗಳನ್ನೂ ಯಾರು ಯಾರಿಗೋ ಕೊಟ್ಟೆ. ಚಪ್ಪರದಡಿಯಲ್ಲಿ ರತ್ನ ಹಸು ಕಟ್ಟಿದಳು.

ಮಗಳ ಮದುವೆಗೆ ಭಾವ ಬಂದ. ಸೋದರಮಾವನಾಗಿ ಧಾರೆಯ ಹೊತ್ತಿಗೆ ಹುಡುಗಿಯನ್ನು ಕರೆತಂದು ನಿಲ್ಲಿಸಿದ, ಮಾಡಬೇಕಾದ ಶಾಸ್ತ್ರ ಒಂದನ್ನೂ ಬಿಡಲಿಲ್ಲ. ಊಟಕ್ಕೆ ಏಳು ಭಾವ ಎಂದು ನಾನೇ ಹೋಗಿ ಕರೆದೆ. "ಕಡವಲ್ಲಿ ಜನ ಕಾಯ್ತಾವ್ರೆ" ಎಂದು ಎದ್ದು ಹೋದ. ಹೊಳೆಗೆದುರಿದ್ದ ಮಂಟಪದ ಬಾಗಿಲಲ್ಲಿ ನಿಂತು ನೋಡಿದೆ, ಕಡವಿನಲ್ಲಿ ಯಾರೂ ಇರಲಿಲ್ಲ. ಭಾವ ಒಬ್ಬನೇ ದೋಣಿ ಹಾಕಿಕೊಂಡು ಆಚೆ ದಡಕ್ಕೆ ಹೋಗುತ್ತಿದ್ದ. ಈಗ ಅವನೂ ಇಲ್ಲ.

ಭಾವ ನನ್ನ ದೋಣಿಯನ್ನು ಕೊನೆಯವರೆಗೂ ಬಕೀಟು ಎಂದೇ ಹೀಯಾಳಿಸಿದ್ದರೆ ಅದು ಚಪ್ಪರದಡಿಯಲ್ಲಿ ಇವತ್ತಿಗೂ ಇರುತ್ತಿತ್ತು. ಅವನೂ ಇರುವಷ್ಟು ದಿನ ಹಿತ್ತಲಿಗೆ ಬಂದು ಬೀಡಿ ಹಚ್ಚುತ್ತಿದ್ದ. ನಾನು ಮೂರು ಬೇಸಿಗೆ ಕಾದು ಪಡೆದ ಆ ಒಂದು ಒಳ್ಳೆಯ ಮಾತೇ ದೋಣಿಯನ್ನೂ ನಮ್ಮಿಬ್ಬರ ನಂಟನ್ನೂ ಮುಳುಗಿಸಿತು. ಈಗಲೂ ನನ್ನ ಅಂಗಡಿಗೆ ಬಂದವರು ಕೆಲಸ ನೋಡಿ ಚೆನ್ನಾಗಿದೆ ಎಂದರೆ ನನಗೆ ಸಂತೋಷವಾಗುವುದಿಲ್ಲ. ಇನ್ನು ಇದನ್ನು ಹೇಗೆ ನೋಡಿಕೊಳ್ಳುತ್ತಾರೋ ಎಂದು ಮೊದಲು ಭಯವಾಗುತ್ತದೆ.