ಎಡಗಿವಿಯ ಸೀಳು

ಚಿತ್ತಮ್ಮ ಮದುವೆಯಾಗಿ ಮಾಡದಕೆರೆ ಕಡೆಯ ಈ ಹಟ್ಟಿಗೆ ಬಂದಾಗ ತವರಿನವರು ಬಂಗಾರ ಕೊಡಲಿಲ್ಲ, ಒಂದು ಹೆಣ್ಣುಕುರಿ ಕೊಟ್ಟರು. ಈ ಹಟ್ಟಿಯವರಲ್ಲಿ ಅದೊಂದು ಕಟ್ಟುಪಾಡು. ತವರಿನಿಂದ ಬಂದ ಕುರಿಯ ಕಿವಿಗೆ ತವರಿನ ಗುರುತೇ ಇರಬೇಕು. ಅದರ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಮರಿಗೂ ಅದೇ ಗುರುತು, ಅದರ ಮರಿಗೂ ಅದೇ. ಗಂಡುಮರಿ ಗಂಡನ ಮನೆಗೆ, ಹೆಣ್ಣಿನ ಸಾಲು ಹೆಂಗಸಿಗೆ. ಅವಳನ್ನು ಕೇಳದೆ ಯಾರೂ ಅದನ್ನು ಮಾರುವಂತಿಲ್ಲ. ಚಿತ್ತಮ್ಮನ ತವರಿನ ಗುರುತು ಎಡಗಿವಿಯ ತುದಿಯನ್ನು ಎರಡಾಗಿ ಸೀಳಿದ್ದು. ಗಂಡ ನಿಂಗಪ್ಪನ ಮನೆಯದು ಬಲಗಿವಿಯ ಕೆಳಗಿನ ಅಂಚಿಗೆ ಒಂದು ಕಚ್ಚು.

ನಿಂಗಪ್ಪ ಒಳ್ಳೆಯವನು, ಆದರೆ ಬಾಳಲಿಲ್ಲ. ನಾಲೆ ಬಯಲಿನ ಗದ್ದೆಯಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸಿದ್ದಾಗ ಹಾವು ಮುಟ್ಟಿ ಹೋದ. ಹಿರಿಯ ಮಗ ತಿಮ್ಮರಾಯಪ್ಪನಿಗೆ ಆಗ ಹನ್ನೆರಡು. ನಡುವಿನವಳು ಶಾಂತ. ಕಿರಿಯವನು ಶಿವು ಇನ್ನೂ ಸೆರಗು ಹಿಡಿದು ತಿರುಗುತ್ತಿದ್ದ. ಮಾರನೇ ವರ್ಷವೇ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಿತ್ತು. ಮೂತಿ ಊದಿಕೊಂಡು, ನಾಲಿಗೆ ನೇರಳೆಹಣ್ಣಾಗಿ, ಮೇವು ಮುಟ್ಟದೆ ಒಂದೊಂದಾಗಿ ಕಾಲು ಮಡಚಿ ಸತ್ತವು. ಚಿತ್ತಮ್ಮ ರಾಗಿ ಗಂಜಿ ಕಾಸಿ ಬಿದಿರಿನ ಗೊಟ್ಟದಲ್ಲಿ ಅವುಗಳ ಗಂಟಲಿಗೆ ಹುಯ್ಯುತ್ತಿದ್ದಳು. ತಪ್ಪಲೆಯಲ್ಲಿ ಉಳಿದದ್ದು ಮಕ್ಕಳಿಗೆ. ಅವಳಿಗೆ ತಪ್ಪಲೆ ತೊಳೆದ ನೀರು. ಕುರಿ ಉಳಿದರೆ ಮಕ್ಕಳು ಉಳಿದಾವು, ಮಕ್ಕಳು ಮೊದಲು ಉಂಡರೆ ಎರಡೂ ಹೋದಾವು ಅನ್ನುವುದು ಅವಳ ಲೆಕ್ಕ. ತಪ್ಪು ಅನ್ನುವವರು ಅನ್ನಲಿ.

ಅಷ್ಟಾದರೂ ನಿಂಗಪ್ಪನ ಗುರುತಿನ ಕುರಿ ಒಂದೂ ಉಳಿಯಲಿಲ್ಲ. ಕುರಿ ಕೂಡುವ ರೊಪ್ಪದಲ್ಲಿ ಕೊನೆಗೆ ನಿಂತಿದ್ದು ಮೂರು. ಮೂರಕ್ಕೂ ಎಡಗಿವಿ ಸೀಳಿತ್ತು.

ಆ ಮೂರರಿಂದ ಮತ್ತೆ ಮಂದೆ ಕಟ್ಟಿದಳು. ಹಗಲು ಶೇಂಗಾ ಸುಲಿಯಲು ಹೋಗಿ ಕೂಲಿಗೆ ಕಾಳು ತರುವುದು, ಬಂದು ಉಣ್ಣೆ ನೂಲುವುದು. ಕುರಿ ಕಾಯಲು ತಿಮ್ಮ ಹೋಗುತ್ತಿದ್ದ. ಒಂದು ದಿನ ಅವನು ಬಂದವನೇ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ. ಮುದ್ದೆ ಮುಟ್ಟಲಿಲ್ಲ. ಎರಡನೇ ದಿನವೂ ಅಷ್ಟೇ. ಶಾಂತ ಗುಟ್ಟಾಗಿ ಹೇಳಿದಳು: ಗುಡ್ಡದಲ್ಲಿ ಜೊತೆಯ ಹುಡುಗರು ಅವನಿಗೆ 'ಸೀರೆ ಕುರಿ ಕಾಯೋನು' ಅಂತ ಹೆಸರಿಟ್ಟಿದ್ದಾರೆ, ಅಪ್ಪನ ಗುರುತಿಲ್ಲದ ಮನೆ ಅಂತ ನಗುತ್ತಾರೆ.

ಚಿತ್ತಮ್ಮ ಆ ಮೂರಕ್ಕೆ ಮೊದಲ ಸಲ ಹುಟ್ಟಿದ, ಇನ್ನೂ ಗುರುತು ಬೀಳದ ಮರಿಗಳನ್ನೆಲ್ಲ ಹಿಡಿದು ತರಿಸಿದಳು. ಒಂದೊಂದನ್ನೇ ತೊಡೆಯ ಮೇಲೆ ಕೆಡವಿಕೊಂಡು, ಹೆಣ್ಣು ಗಂಡು ನೋಡದೆ, ಬಲಗಿವಿಗೆ ನಿಂಗಪ್ಪನ ಮನೆಯ ಕಚ್ಚು ಹಾಕಿದಳು. ಗಾಯಕ್ಕೆ ಬೂದಿ ಒತ್ತಿದವನು ತಿಮ್ಮನೇ. ಅವತ್ತು ಎರಡು ಮುದ್ದೆ ಉಂಡ. ಅಲ್ಲಿಂದ ಮುಂದೆ ಆ ರೊಪ್ಪದಲ್ಲಿ ಎಡಗಿವಿಗೆ ಕತ್ತಿ ತಾಗಲಿಲ್ಲ. ಹಳೆಯ ಮೂರೂ ಒಂದೊಂದಾಗಿ ಮುದಿಯಾಗಿ ಸತ್ತವು. ನನ್ನ ಮಕ್ಕಳು, ನನ್ನ ಕುರಿ, ಯಾವ ಕಿವಿಯಾದರೇನು ಅಂದುಕೊಂಡಿದ್ದಳು.

ಶಾಂತಳನ್ನು ಹೊಳಲ್ಕೆರೆ ಕಡೆಗೆ ಕೊಟ್ಟರು. ಒಂದು ಹೆಣ್ಣು ಹೆತ್ತು, ಬಾಣಂತನದಲ್ಲೇ ತೀರಿಕೊಂಡಳು. ಆ ಮಗು ಯಶೋದಾ. ಕುರಿಹಾಲು ಹಾಕಿ ಸಾಕಿದವಳು ಚಿತ್ತಮ್ಮ. ದೊಡ್ಡವಳಾಗಿ ಮದುವೆಯಾಗಿ ಹೋದ ಯಶೋದಾ, ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಒಂದು ಬಟ್ಟೆಗಂಟು ಹಿಡಿದು ಅಜ್ಜಿಯ ಹತ್ತಿರಕ್ಕೇ ಬಂದಳು. ಸೋದರಮಾವಂದಿರ ಮನೆಯಲ್ಲಿ ಅವಳಿಗೆ ಊಟ ಇತ್ತು, ಹಕ್ಕಿರಲಿಲ್ಲ. ಆರು ವರ್ಷದಿಂದ ಮಂದೆಯ ಹಿಂದೆ ಹೋಗುತ್ತಿದ್ದವಳು ಅವಳೊಬ್ಬಳೇ. ತನ್ನ ಕಣ್ಣು ಮುಚ್ಚಿದ ಮೇಲೆ ಇವಳ ಗತಿ ಏನು ಅನ್ನುವುದೊಂದೇ ಚಿತ್ತಮ್ಮನಿಗೆ ಉಳಿದ ಚಿಂತೆ.

ಹೋದ ವರ್ಷ ಮಕ್ಕಳಿಬ್ಬರೂ ಮಂದೆ ಮಾರುವ ಮಾತೆತ್ತಿದರು. ಗುಡ್ಡದ ತುಂಬ ಗಾಳಿಯಂತ್ರ ನಿಂತು ಮೇವಿನ ಜಾಗಕ್ಕೆ ತಂತಿಬೇಲಿ ಬಿದ್ದಿತ್ತು. ಕುರಿ ಕೊಟ್ಟು ಗೂಡ್ಸ್ ಗಾಡಿ ತರುವುದು ಅವರ ಯೋಚನೆ. ಚಿತ್ತಮ್ಮ ಬೇಡ ಅನ್ನಲಿಲ್ಲ. ತವರಿನ ಸಾಲಿನ ಐದು ಹೆಣ್ಣುಕುರಿ ಯಶೋದಾಗೆ ಬಿಡಿ, ಮಿಕ್ಕಿದ್ದು ನಿಮ್ಮದು ಅಂದಳು.

ತಿಮ್ಮರಾಯಪ್ಪ ನಿಧಾನಕ್ಕೆ ಕೇಳಿದ. "ನಿನ್ ಸಾಲಿನ ಕುರಿ ಯಾವ್ ಐತೆ, ಕಿವಿ ಹಿಡ್ದು ತೋರ್ಸವ್ವ. ಐದಲ್ಲ, ಹತ್ತು ಬಿಡ್ತೀನಿ."

ಚಿತ್ತಮ್ಮ ಮಗನ ಮುಖವನ್ನೇ ನೋಡಿದಳು. ಹುಡುಗಾಟಕ್ಕೆ ಅಂದನೋ ಅಂತ ಕಾದಳು. ಆಮೇಲೆ ಹಟ್ಟಿಯ ಹಿರಿಯ ನಾಗಣ್ಣನ ಬಳಿಗೆ ಹೋದಳು.

ನಾಗಣ್ಣ ಮಕ್ಕಳಿಬ್ಬರನ್ನೂ ಕಟ್ಟೆಗೆ ಕರೆಸಿದ. ರೋಗ ಬಂದಿದ್ದು, ಮೂರು ಉಳಿದಿದ್ದು, ಮರಿಗಳಿಗೆ ಕಚ್ಚು ಹಾಕಿದ್ದು, ಎಲ್ಲವನ್ನೂ ಚಿತ್ತಮ್ಮ ಬಿಡಿಸಿ ಹೇಳಿದಳು. ಅದೆಲ್ಲ ನೆನಪೈತೇನೋ ಅಂತ ನಾಗಣ್ಣ ಹಿರಿಯವನನ್ನು ಕೇಳಿದ. ತಿಮ್ಮರಾಯಪ್ಪ ನೆಲ ನೋಡುತ್ತಾ, ತಾನಾಗ ಸಣ್ಣವನು, ಏನೂ ನೆನಪಿಲ್ಲ ಅಂದ.

ಶಿವು ಮಾತ್ರ ಸುಮ್ಮನಿರಲಿಲ್ಲ. "ನಂಗ್ ನೆನಪೈತೆ ಕಣವ್ವ. ನಮಗಿಂತ ಮುಂಚೆ ಕುರಿಗೆ ಗಂಜಿ ಹುಯ್ತಿದ್ದೆ. ನಾವು ಬಾಯ್ ಬಿಟ್ಕೊಂಡು ನೋಡ್ತಿದ್ವಿ."

ಕಟ್ಟೆಯ ಮೇಲೆ ಯಾರೋ ನಕ್ಕರು.

"ತಾಯಿ, ನಾಲಿಗೆ ಸುಳ್ಳಾಡೀತು, ಕಿವಿ ಸುಳ್ಳಾಡಲ್ಲ ಅನ್ನೋದು ನಮ್ಮ ಹಿರೀಕರ ಮಾತು" ಅಂದ ನಾಗಣ್ಣ. "ಕಿವೀಲಿ ಇಲ್ದಿದ್ದು ನಾನೆಲ್ಲಿಂದ ಕೊಡ್ಸಲಿ?"

ಲಾರಿ ಬಂದ ದಿನ ಯಶೋದಾ ಒಂದೊಂದನ್ನೂ ಹೆಸರು ಹಿಡಿದು ಕರೆದಳು. ಅವಳ ದನಿ ಕೇಳಿಯೇ ಅವು ಹಲಗೆ ಹತ್ತಿದವು. ಹಾಗೆ ಕರಿ ಅಂತ ಮಾವಂದಿರೇ ಹೇಳಿದ್ದರು. ಹದಿನೈದು ದಿನದ ಒಂದು ಬಡಕಲು ಮರಿಯನ್ನು ಮಾತ್ರ ವ್ಯಾಪಾರಿ ಕೆಳಗಿಳಿಸಿದ. ದಾರಿಯಲ್ಲೇ ಸಾಯುತ್ತೆ ಅಂದ. ತಿಮ್ಮರಾಯಪ್ಪ ಅದನ್ನು ತಂದು ಅವ್ವನ ಮುಂದೆ ಬಿಟ್ಟು, ಬೇಕಾದರೆ ಇದನ್ನು ಇಟ್ಟುಕೋ ಅಂತ ಹೇಳಿ ಜಗಲಿಗೆ ಹೋಗಿ ಕುಂತ.

ಮರಿಯ ಕಿವಿಗೆ ಇನ್ನೂ ಗುರುತು ಬಿದ್ದಿರಲಿಲ್ಲ. ಯಶೋದಾ ಒಳಗೆ ಹೋಗಿ ಕತ್ತಿಯನ್ನೂ ಹಿಡಿ ಬೂದಿಯನ್ನೂ ತಂದಳು.

"ಹಾಕಜ್ಜಿ, ನಿಂದು."

ಚಿತ್ತಮ್ಮ ಮರಿಯನ್ನು ಎತ್ತಿ ಹಿಂಗಾಲ ನಡುವೆ ನೋಡಿದಳು. "ಟಗರು ಕಣೇ. ಸಾಲು ಹೆಣ್ಣಿಂದು. ಇದಕ್ಕೆ ಹಾಕಿ ಏನ್ ಬಂತು?"

"ಬರೋದೇನೂ ಬ್ಯಾಡ. ಹಾಕು."

ಚಿತ್ತಮ್ಮ ಕಾಲು ಚಾಚಿ ಕುಂತು ಮರಿಯನ್ನು ತೊಡೆಯ ಮೇಲೆ ಕೆಡವಿಕೊಂಡಳು. ಎಷ್ಟೋ ವರ್ಷದ ಮೇಲೂ ಕೈ ಮರೆತಿರಲಿಲ್ಲ. ಎಡಗಿವಿಯ ತುದಿಯನ್ನು ಬೆರಳಲ್ಲಿ ಎಳೆದು ಒಂದೇ ಏಟಿಗೆ ಸೀಳಿದಳು. ಮರಿ ಕಿರುಚಿತು. ಯಶೋದಾ ಬೂದಿ ಒತ್ತಿದಳು.

ಸದ್ದಿಗೆ ತಿಮ್ಮರಾಯಪ್ಪ ಎದ್ದು ಬಂದು ಬಾಗಿ ನೋಡಿದ. ನೆತ್ತರು ಸೋರುವ ಆ ಕಿವಿಯನ್ನು ಬಹಳ ಹೊತ್ತು ನೋಡಿದ. ನಿಜಕ್ಕೂ ಏನೂ ನೆನಪಿಲ್ಲದವನಾಗಿದ್ದರೆ, ಇದೇನು ಎಡಗಿವಿ, ಇದ್ಯಾರ ಗುರುತು ಅಂತ ಕೇಳುತ್ತಿದ್ದ.

ಅವನು ಕೇಳಲಿಲ್ಲ.