ಸೊಂಟಕ್ಕೆ ಸಿಕ್ಕಿಸಿಕೊಂಡ ಫಿಲಂ

ಹಲ್ಲಿನ ಡಾಕ್ಟರ ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಚರ್ಮ ಒಣಗಿ ಅಲ್ಲಲ್ಲಿ ಸೀಳಿತ್ತು. ಆ ಬೆರಳನ್ನು ಮಡಚಿಕೊಂಡೇ ಮಾತಾಡುತ್ತಿದ್ದರು.

ಮಕ್ಕಳೇ, ನಾನು ಮದುವೆಯಾಗಿ ಸೊರಬಕ್ಕೆ ಬಂದ ಹೊಸತು. ದವಡೆ ಊದಿಕೊಂಡಿತೆಂದು ನಿಮ್ಮಜ್ಜ ನನ್ನನ್ನು ಶಿಕಾರಿಪುರಕ್ಕೆ ಬಸ್ಸಿನಲ್ಲಿ ಕರೆದೊಯ್ದರು. ಎಕ್ಸ್‌ರೇ ಯಂತ್ರ ಅಲ್ಲಿ ಆ ಡಾಕ್ಟರೊಬ್ಬರ ಬಳಿ ಇತ್ತು. ಹೆಂಡತಿ ಮಕ್ಕಳಿಲ್ಲ, ಯಂತ್ರದ ಹಿಂದಿನ ಕೋಣೆಯಲ್ಲೇ ಅಡುಗೆ, ನಿದ್ದೆ.

"ಮನೆಯೋರು ಬಸುರಿ ಏನ್ರಿ?" ಎಂದು ನಿಮ್ಮಜ್ಜನನ್ನು ಕೇಳಿದರು.

"ಇಲ್ಲ ರೀ."

ನಾನು ತಲೆ ತಗ್ಗಿಸಿದೆ. ಎರಡು ತಿಂಗಳಾಗಿತ್ತು. ಮೂರು ತುಂಬುವ ಮೊದಲು ಗಂಡನಿಗೂ ಹೇಳುವ ರೂಢಿ ನಮ್ಮಲ್ಲಿರಲಿಲ್ಲ. ಇನ್ನು ಪರ ಗಂಡಸಿನ ಎದುರು ಬಾಯಿ ಬಿಡುವುದೆಲ್ಲಿ?

ಕಪ್ಪು ಕಾಗದ ಸುತ್ತಿದ ಚಿಕ್ಕ ಫಿಲಂ ಒಂದನ್ನು ನನ್ನ ಕುತ್ತಿಗೆಗೆ ಕಟ್ಟಿಸಿದರು. ಇನ್ನೊಂದನ್ನು ಕೈಗೆ ಕೊಟ್ಟು, "ಇದನ್ನ ನೀವೇ ಸೊಂಟಕ್ಕೆ ಸಿಕ್ಕಿಸ್ಕೊಳ್ಳಿ ತಾಯಿ. ಕಿರಣ ಎಷ್ಟು ತಾಗ್ತದೋ ಫಿಲಂ ಅಷ್ಟು ಕಪ್ಪಾಗ್ತದೆ. ಅಳೀಬೇಕಲ್ಲ" ಎಂದರು. ಬಂದವರಿಗೆಲ್ಲ ಹೀಗೇ ಮಾಡುತ್ತಿದ್ದರಂತೆ. ದವಡೆಯ ಎಕ್ಸ್‌ರೇ ತೆಗೆದ ಮೇಲೆ ಎರಡೂ ಫಿಲಂ ವಾಪಸ್ ಇಸಿದುಕೊಂಡರು.

ಮನೆಗೆ ಬಂದ ಮೇಲೆ ಹೆದರಿಕೆ ತಡೆಯಲಾರದೆ ಅತ್ತೆಗೆ ಹೇಳಿಬಿಟ್ಟೆ. ಅವರು ಮಗನ ಮೇಲೆ ಹರಿಹಾಯ್ದರು.

"ಬಸುರಿ ಹೆಂಗ್ಸನ್ನ ಕರ್ಕಂಡ್ ಹೋಗಿ ಕರೆಂಟ್ ಹೊಡ್ಸ್ಕಂಡ್ ಬಂದ್ಯೇನೋ ಬುದ್ಧಿಗೇಡಿ!"

ನಿಮ್ಮಜ್ಜ ಮರುದಿನವೇ ಶಿಕಾರಿಪುರಕ್ಕೆ ಓಡಿದರು. ಸಂಜೆ ಬಸ್ಸಿಗೆ ಡಾಕ್ಟರೂ ಜೊತೆಗೆ ಬಂದರು.

ನಮ್ಮ ಜಗಲಿಯಲ್ಲಿ ಕೂತು ಜೇಬಿನಿಂದ ಒಂದು ರಟ್ಟು ತೆಗೆದರು. ಎಷ್ಟು ಕಿರಣಕ್ಕೆ ಎಷ್ಟು ಕಪ್ಪು ಎಂದು ತಿಳಿಯಲು ಸಾಲಾಗಿ ಅಂಟಿಸಿದ ಫಿಲಂ ಚೂರುಗಳು. ನನ್ನವೆರಡನ್ನು ಪಕ್ಕದಲ್ಲಿ ಹಿಡಿದರು. ಕುತ್ತಿಗೆಯದು ಹೊಗೆ ಹಿಡಿದ ಹಾಗಿತ್ತು. ಸೊಂಟದ್ದು ಗಾಜಿನಷ್ಟು ತಿಳಿ.

"ಏನೂ ತಾಗಿಲ್ಲ ಅಂತ ಆಣೆ ಹಾಕಲ್ಲ ತಾಯಿ. ನನ್ನ ಫಿಲಮ್ಮಿಗೆ ಕಾಣೋವಷ್ಟಿಲ್ಲ. ಹೆದರಬೇಡಿ. ತಪ್ಪು ನಂದು, ನಿಮ್ಮನ್ನ ಕೇಳೋದು ಬಿಟ್ಟು ಅವರನ್ನ ಕೇಳಿದೆ."

"ನಿಮ್ಮ ಬೆರಳಿಗೇನಾಯ್ತು?" ಎಂದು ಅತ್ತೆ ಕೇಳಿದರು.

"ಇಪ್ಪತ್ತು ವರ್ಷ ಎಕ್ಸ್‌ರೇ ತೆಗೆಯೋವಾಗ ಈ ಬೆರಳಲ್ಲೇ ಮಂದಿ ಬಾಯಾಗೆ ಫಿಲಂ ಹಿಡ್ಕೊಂಡು ನಿಂತಿದ್ದೆ ಅಮ್ಮ. ಅಳೆಯೋ ಬುದ್ಧಿ ಆಮೇಲೆ ಬಂತು." ನಕ್ಕರು. ಕಾಫಿ ಕುಡಿದು, ಹೊರಡುವಾಗ ನನ್ನತ್ತ ತಿರುಗಿ, "ಹೆರಿಗೆ ಆದ್ಮೇಲೆ ಒಂದು ಮಾತು ತಿಳಿಸಿ" ಎಂದರು.

ನಿಮ್ಮಪ್ಪ ಕೈಕಾಲು ನೆಟ್ಟಗೆ ಹುಟ್ಟಿದ. ಕೇರಿಗೆಲ್ಲ ಸಕ್ಕರೆ ಹಂಚಿದೆವು, ನೆಂಟರಿಗೆ ಕಾಗದ ಬರೆದೆವು. ಡಾಕ್ಟರು ನೆಂಟರಲ್ಲವಲ್ಲ, ಯಾರಿಗೂ ನೆನಪಾಗಲಿಲ್ಲ. ನನಗೆ ನೆನಪಿತ್ತು. ಬಾಣಂತಿ ಕೋಣೆಯಿಂದ ಅವರ ಹೆಸರೆತ್ತಲು ನಾಚಿಕೆಯಾಯಿತು.

ಮಗುವಿಗೆ ಆರು ತಿಂಗಳಾದಾಗ ಎತ್ತಿಕೊಂಡು ಶಿಕಾರಿಪುರಕ್ಕೆ ಹೋದೆ. ಬಾಗಿಲಿಗೆ ಬೀಗ. ಪಕ್ಕದ ಹೋಟೆಲಿನವರು ಹೇಳಿದರು: "ತೀರ್ಕೊಂಡು ತಿಂಗಳಾಯ್ತು ರೀ. ಸೊರಬದ ಬಸ್ ಬಂದಾಗೆಲ್ಲ ಕಂಡಕ್ಟರ್ ಹತ್ರ ಹೋಗಿ, ನಂಗೇನಾದ್ರೂ ಸುದ್ದಿ ಇದೆಯಾ ಅಂತ ಕೇಳೋರು. ಯಾರ ಸುದ್ದಿ ಅಂತ ಹೇಳ್ಲೇ ಇಲ್ಲ."

ಮಗು ನನ್ನ ಹೆಗಲ ಮೇಲೆ ಕೇಕೆ ಹಾಕುತ್ತಿತ್ತು. ಆ ಸುದ್ದಿ ಇವನೇ ಎಂದು ಹೋಟೆಲಿನವರಿಗೂ ಹೇಳಲಾಗದೆ ಬಸ್ಸು ಹತ್ತಿದೆ.